ಆಟ ನಾಕು, ಮೊಣಕಾಲು ಎರಡ: ಬಾಗಲಕೋಟಿ ಜಿಲ್ಲಾದ ಒಬ್ಬ ಪಿಟಿ ಟೀಚರ್ ಪ್ರಕರಣ

ಜುಲೈ ಬಂತಂದ್ರ ನಮ್ಮ ಭಾಗದ ಹೈಸ್ಕೂಲ್ ಪಿಟಿ ಶಿಕ್ಷಕರಿಗೆ ಪುರಸೊತ್ತು ಅನ್ನೂದ ಇರೂದಿಲ್ಲ. ವಲಯ, ತಾಲೂಕು, ಜಿಲ್ಲಾ, ವಿಭಾಗ, ರಾಜ್ಯ, ಇಷ್ಟೂ ಮಟ್ಟದ ಆಟ ನಾಕೈದು ತಿಂಗಳದಾಗ ಮುಗಿಬೇಕು, ನಡುವ ದಸರಾ ಕ್ರೀಡಾಕೂಟ ಬರ್ತೈತಿ, ಮಳಿ ಬರ್ತೈತಿ, ಎರಿಮಣ್ಣಿನ ಗ್ರೌಂಡ್ ಒಮ್ಮೆ ತೊಯ್ದ್ರ ಎರಡ್ಮೂರು ದಿನ ಕಾಲಿಡಾಕ ಆಗೂದಿಲ್ಲ, ಹಿಂಗಾಗಿ ಒಣ ದಿನ ಸಿಕ್ಕಾಗ ಎಲ್ಲಾ ಆಟ ಒಮ್ಮೆಲೆ ಮುಗಿಸ್ತಾರ. ಸಣ್ಣ ಊರಿನ ಸಾಲಿಯೊಳಗ ಚಲೋ ಆಡೂ ಹುಡುಗ್ಯಾರು ಹತ್ತು-ಹನ್ನೆರಡು ಮಂದಿ ಇರ್ತಾರ ಅಷ್ಟ, ಅವರ ಮುಂಜಾನೆ ಖೋಖೋ ಆಡ್ಬೇಕು, ಮಧ್ಯಾಹ್ನ ಕಬಡ್ಡಿ ಆಡ್ಬೇಕು, ಸಂಜಿಗೆ ರಿಲೇ ಓಡ್ಬೇಕು. ಈ ಪ್ರಕರಣ ಅಂಥಾ ಒಬ್ಬ ಹುಡುಗಿದು, ಮತ್ತ ಅಕಿಗಿಂತ ಸುಮಾರು ಇಪ್ಪತ್ತು ವರ್ಷ ಮೊದ್ಲ ಹಂಗ ನಾಕು ಆಟ ಆಡಿ, ಮುಂದ ಶಿಕ್ಷಕಿ ಆಗಿ, ಈ ಹುಡುಗಿಗೆ ಕೋಚ್ ಆದ ಟೀಚರದು. ನಾನು ಅದ ತಾಲೂಕಿನ ಇನ್ನೊಂದು ಹೈಸ್ಕೂಲಿನ ಪಿಟಿ ಶಿಕ್ಷಕ, ಕೂಟದಾಗ ಅವರ ಜೋಡಿ ಅಂಪೈರಿಂಗ್ ಮಾಡ್ತೀನಿ, ಅವರ ನೋಟ್‌ಬುಕ್ ನೋಡೀನಿ, ಅವರನ್ನ ಕೇಳಿ ಇದನ್ನ ಬರ್ಯಾಕ ಕುಂತೀನಿ. ಹೆಸರು, ಸಾಲಿ, ಊರು ಬರಿಯೂದಿಲ್ಲ, ಹುಡುಗಿ ಇನ್ನೂ ಸಣ್ಣಾಕಿ.

ಮೊದ್ಲ ಟೀಚರ್ ಬಗ್ಗೆ ಹೇಳ್ತೀನಿ, ಯಾಕಂದ್ರ ಅವರು ಹಿಂದ ಏನು ಅನುಭವಿಸಿದ್ರು ಅನ್ನೂದು ಗೊತ್ತಿಲ್ಲಂದ್ರ ಮುಂದ ಅವರು ಮಾಡಿದ್ದು ಅರ್ಥ ಆಗೂದಿಲ್ಲ. ಅವರು ಬೀಳಗಿ ತಾಲೂಕಿನವರು, ಆಲಮಟ್ಟಿ ಹಿನ್ನೀರಿನಾಗ ಹೋದ ಊರಿನವರು. ಅಣೆಕಟ್ಟಿನ ನೀರು 519.60 ಮೀಟರ್ ಮಟ್ಟಕ್ಕ ಏರಿದ ಮ್ಯಾಲ ಕೃಷ್ಣಾ ದಂಡಿ ಊರುಗಳು ಎತ್ತಂಗಡಿ ಆದ್ವಲ್ಲ, ಹಂಗ ಅವರ ಮನಿನೂ ಪುನರ್ವಸತಿ ಕೇಂದ್ರಕ್ಕ ಬಂತು. ಹೊಲ ಹೋತು, ಅಪ್ಪಗ ಪರಿಹಾರದ ರೊಕ್ಕ ಬಂದು ಖರ್ಚೂ ಆತು, ಆದ್ರ ಹೊಸ ಊರಾಗ ಒಂದು ಚಲೋದಿತ್ತು, ಸಾಲಿ ಮುಂದ ದೊಡ್ಡ ಬಯಲು ಬಿಟ್ಟಿದ್ರು. ಹಳೇ ಊರಾಗ ಹುಡುಗ್ಯಾರು ಆಡೂ ಜಾಗಾನ ಇದ್ದಿದ್ದಿಲ್ಲಂತ. ಆ ಬಯಲಿನ್ಯಾಗ ಅವರು 8ನೇ ಕ್ಲಾಸಿನಿಂದ ಖೋಖೋ ಶುರು ಮಾಡಿದ್ರು, ಖೋಖೋ ಕಾಲು ಚುರುಕು ಇದ್ದಿದ್ದಕ್ಕ ಕಬಡ್ಡಿಗೆ ರೇಡರ್ ಮಾಡಿದ್ರು, ಓಡ್ತಾರಂತ 800 ಮೀಟರಿಗೆ ಹಾಕಿದ್ರು, ಮರಳಿನ ಗುಂಡಿ ಒಂದು ಇತ್ತಂತ ಟ್ರಿಪಲ್ ಜಂಪ್ ಹೆಸರೂ ಬರ್ಸಿದ್ರು, ವಾಲಿಬಾಲ್‌ಗೆ ಒಬ್ಬರು ಕಮ್ಮಿ ಬಿದ್ರ ಅದಕ್ಕೂ ಇವರ. ಯಾರೂ ಕೆಟ್ಟ ಮನಸ್ಸಿಂದ ಮಾಡಿದ್ದಲ್ಲ, ಇರೂ ಮಕ್ಕಳ ಅಷ್ಟು.

10ನೇ ಕ್ಲಾಸಿನ್ಯಾಗ ತಾಲೂಕಾ ಕೂಟದ ಒಂದ ದಿನ 800 ಓಡಿ, ಖೋಖೋ ಎರಡು ಮ್ಯಾಚ್ ಆಡಿ, ಟ್ರಿಪಲ್ ಜಂಪ್ ಮುಗಿಸಿ, ಸಂಜಿಮುಂದ ಕಬಡ್ಡಿ ಸೆಮಿಫೈನಲ್‌ಗೆ ನಿಂತಾಗ ಎಡಗಾಲಿನ ಮೊಣಕಾಲು ಮಡಚಾಕ ಬರ್ಲಿಲ್ಲ. ಮನ್ಯಾಗ ಅರಿಶಿಣ-ಸುಣ್ಣ ಹಚ್ಚಿದ್ರು. ಖೋಖೋ ಟೀಮ್ ಜಿಲ್ಲೆ ಗೆದ್ದು ವಿಭಾಗಕ್ಕ ಹೋತು, ಇವರು ಹೋಗ್ಲಿಲ್ಲ. ನಮ್ಮ ಬೆಳಗಾವಿ ವಿಭಾಗ ಅಂದ್ರ ಸಣ್ಣದಲ್ಲ, ಬೆಳಗಾವಿ, ಬಾಗಲಕೋಟಿ, ವಿಜಯಪುರ, ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಏಳು ಜಿಲ್ಲಾ ಮಕ್ಕಳು ಬರ್ತಾರ, ಒಂದು ಹಳ್ಳಿ ಹುಡುಗಿಗೆ ಅಲ್ಲಿ ತನಕಾ ಹೋಗೂದು ಏನಂತ ಆಟ ಆಡಿದವರಿಗೆ ಗೊತ್ತಿರ್ತೈತಿ. ಅವರು ಇದನ್ನ ಹೇಳಾಗ ಯಾರ ಮ್ಯಾಲೂ ಸಿಟ್ಟು ಮಾಡೂದಿಲ್ಲ, ಆದ್ರ ಒಂದು ಮಾತು ಪ್ರತಿ ಸಲ ಹೇಳ್ತಾರ: "ನನ್ನ ಕಾಲು ಎಷ್ಟು ಸಲ ಮಡಚೇತಿ ಅಂತ ಆವತ್ತು ಯಾರೂ ಎಣಿಸಿರ್ಲಿಲ್ಲ."

ಕಾಲೇಜಿನ್ಯಾಗ ಮತ್ತ ಖೋಖೋ ಆಡಿದ್ರು, ವಿಜಯಪುರದ ಮಹಿಳಾ ವಿಶ್ವವಿದ್ಯಾಲಯದಾಗ ದೈಹಿಕ ಶಿಕ್ಷಣ ಓದಿದ್ರು. 2003ರಾಗ ಶುರುವಾದ ರಾಜ್ಯದ ಮೊದಲ ಮಹಿಳಾ ವಿವಿ ಅದು, ನಮ್ಮ ಕಡೆ ಎಷ್ಟೋ ಮನಿಯವರು 'ಹುಡುಗ್ಯಾರ ವಿವಿ ಐತಿ' ಅನ್ನೂ ಒಂದ ಕಾರಣಕ್ಕ ಮಗಳನ್ನ ಊರು ಬಿಟ್ಟು ಕಳಿಸಿದ್ರು. ಆಗ ಬಿಪಿಎಡ್ (ದೈಹಿಕ ಶಿಕ್ಷಣದ ಪದವಿ) ಒಂದು ವರ್ಷದ್ದು, ಎರಡು ವರ್ಷ ಆಗಿದ್ದು ಎನ್‌ಸಿಟಿಇ (ಶಿಕ್ಷಕರ ಶಿಕ್ಷಣದ ರಾಷ್ಟ್ರೀಯ ಮಂಡಳಿ) 2014ರ ನಿಯಮ ಬಂದ ಮ್ಯಾಲ. ಬಿಪಿಎಡ್ ಆದ ಮ್ಯಾಲ ಎಂಪಿಎಡ್ (ಅದರ ಸ್ನಾತಕೋತ್ತರ ಪದವಿ) ಮಾಡಿದ್ರು, ಅಲ್ಲಿ ತರಬೇತಿ ಭಾರ, ಅಂದ್ರ ಆಟ-ಪ್ರಾಕ್ಟೀಸಿನಿಂದ ಮೈ ಮ್ಯಾಲ ಬೀಳೂ ಶ್ರಮ, ಅಳೆಯೂದು ಕಲ್ತ್ರು, ಅದು ಮುಂದ ಬರ್ತೈತಿ. ಕೆಲವು ವರ್ಷ ಅನುದಾನ ಇಲ್ಲದ ಸಾಲ್ಯಾಗ ಕಮ್ಮಿ ಪಗಾರಕ್ಕ ದುಡಿದು, ಆಮ್ಯಾಲೆ ಸರ್ಕಾರಿ ಹೈಸ್ಕೂಲಿಗೆ ಬಂದ್ರು. ಕಬ್ಬಿನ ಸೀಮೆ, ಎರಿಮಣ್ಣು, ಮೂರು ಕ್ಲಾಸು ಸೇರಿ ನೂರಾ ಎಂಬತ್ತರ ಆಸುಪಾಸು ಮಕ್ಕಳು.

ಈಗ ಹುಡುಗಿ ವಿಷಯ. 8ನೇ ಕ್ಲಾಸಿಗೆ ಬಂದಾಗ ಅಕಿಗೆ 13. ಉದ್ದನ ಕಾಲು, ಒಂದ ವರ್ಷದಾಗ ಪಟಪಟ ಬೆಳದಿದ್ಲು, ಹಳೇ ಸಮವಸ್ತ್ರ ಎಲ್ಲಾ ಗಿಡ್ಡ ಆಗಿದ್ವು. ಹೈಸ್ಕೂಲ್ ಅಂದ್ರ 17 ವರ್ಷದೊಳಗಿನ ವಿಭಾಗ, ಅಲ್ಲಿ 13 ವರ್ಷದಾಕಿ 16 ವರ್ಷದವರ ಎದುರು ಆಡ್ಬೇಕು, ಆದ್ರೂ ಬಂದ ತಿಂಗಳದಾಗ ಖೋಖೋ, ಕಬಡ್ಡಿ ಎರಡೂ ಟೀಮ್‌ನ್ಯಾಗ ಅಕಿ ಹೆಸರು ಬಂತು, ಅಥ್ಲೆಟಿಕ್ಸ್‌ನ್ಯಾಗ 800 ಮತ್ತ ಟ್ರಿಪಲ್ ಜಂಪ್. ಟೀಚರ್‌ಗೆ ಕನ್ನಡಿಯಾಗ ತಮ್ಮನ್ನ ನೋಡಿಕೊಂಡಂಗಾತು. ಹೆಸರು ಬರಿಯೂ ಮುಂಚೆನ ಅವರು ಯೋಚನಿ ಮಾಡಿದ್ರಂತ, ಆದ್ರ ಆಗಸ್ಟ್ ಮೊದಲನೇ ವಾರದಾಗ ಹುಡುಗಿ ಪ್ರಾರ್ಥನಾ ಮುಗಿದು ನೆಲಕ್ಕ ಕುಂದ್ರುವಾಗ ಒಂದು ಕಾಲು ಚಾಚಿ ಕುಂತಿದ್ದು ಕಂಡು ಎಲ್ಲಾ ಕೆಲಸ ಬಿಟ್ಟು ಅಕಿನ್ನ ಕರದ್ರು. ಮೊಣಕಾಲ ಚಿಪ್ಪಿನ ಕೆಳಗ, ಕಣಕಾಲಿನ ಎಲುಬು ಶುರುವಾಗೂ ಜಾಗದಾಗ ಗಂಟಿನಂಗ ಉಬ್ಬಿತ್ತು, ಒತ್ತಿದ್ರ ನೋವು. ಹುಡುಗಿ ಒಪ್ಪಲಿಲ್ಲ, "ಏನಿಲ್ರಿ ಟೀಚರ್ರ, ಬಿದ್ದಿದ್ದೆ" ಅಂದ್ಲು. ಮಕ್ಕಳು ನೋವು ಮುಚ್ಚಿಡ್ತಾರ, ಹೇಳಿದ್ರ ಟೀಮಿಂದ ತಗೀತಾರಂತ, ಇದನ್ನ ಎಲ್ಲಾ ಪಿಟಿ ಶಿಕ್ಷಕರೂ ತಲ್ಯಾಗ ಇಟ್ಕೋಬೇಕು.

ತಾಲೂಕಾ ಆಸ್ಪತ್ರ್ಯಾಗ ಎಲುಬಿನ ಡಾಕ್ಟರ್ ನೋಡಿ ಆಸ್‌ಗುಡ್-ಶ್ಲಾಟರ್ ಅಂದ್ರು. ಹೆಸರು ಕೇಳಿ ಹೆದರೂ ಕಾಯಿಲೆ ಅಲ್ಲ. ತೊಡಿ ಮುಂದಿನ ದೊಡ್ಡ ಸ್ನಾಯು ಮೊಣಕಾಲ ಚಿಪ್ಪಿನ ಮ್ಯಾಲಿಂದ ಬಂದು ಕೆಳಗಿನ ಎಲುಬಿಗೆ ಅಂಟಿಕೊಂಡಿರ್ತೈತಿ, ಬೆಳಿಯೂ ಮಕ್ಕಳಾಗ ಆ ಜಾಗ ಇನ್ನೂ ಗಟ್ಟಿ ಎಲುಬಾಗಿರೂದಿಲ್ಲ, ಮೆತ್ತನ ಮೃದ್ವಸ್ಥಿ ಇರ್ತೈತಿ, ಮಗು ಜಿಗದಾಗೆಲ್ಲಾ, ಕುಂತು ಎದ್ದಾಗೆಲ್ಲಾ, ಗಕ್ಕನ ನಿಂತಾಗೆಲ್ಲಾ ಸ್ನಾಯು ಅದನ್ನ ಜಗ್ತೈತಿ, ಜಗ್ಗಿ ಜಗ್ಗಿ ಉರಿ, ಉಬ್ಬು. ಜಲ್ದಿ ಬೆಳಿಯೂ ಹೊತ್ತಿನ್ಯಾಗ ಬರ್ತೈತಿ, ಬೆಳವಣಿಗಿ ಮುಗಿದ ಮ್ಯಾಲ ಸಾಮಾನ್ಯವಾಗಿ ತಾನ ಕಮ್ಮಿ ಆಗ್ತೈತಿ. ಔಷಧಕ್ಕಿಂತ ಮೊಣಕಾಲಿನ ಮ್ಯಾಲ ಬೀಳೂ ಆಟದ ಭಾರ ಕಮ್ಮಿ ಮಾಡೂದ ಮುಖ್ಯ, ಜೊತಿಗೆ ಐಸ್ ಇಡೂದು, ತೊಡಿ ಮುಂದಿನ ಹಿಂದಿನ ಸ್ನಾಯು ಸಾವಕಾಶ ಎಳಿಯೂ ವ್ಯಾಯಾಮ. ಆಟ ಪೂರಾ ಬಿಡಬೇಕಂತ ಇಲ್ಲ ಅಂತ ಡಾಕ್ಟರ್ ಹೇಳಿದ್ರು, ನೋವು ನೋಡಿಕೊಂಡು ಆಡ್ಬಹುದು.

ಟೀಚರ್ ಅಲ್ಲಿಂದ ಬಂದು ನೋಟ್‌ಬುಕ್ ತಗದ್ರು. ನನ್ನ ಪ್ರಕಾರ ಈ ಪ್ರಕರಣದಾಗ ಎಲ್ಲಾಕ್ಕಿಂತ ದೊಡ್ಡ ಕೆಲಸ ಆಗಿದ್ದು ಇಲ್ಲೇ. ಅವರು ಆಟದ ಹೆಸರು ಬರೀಲಿಲ್ಲ, ಕಾಲಿಗೆ ಏನಾಗ್ತೈತಿ ಅದನ್ನ ಬರದ್ರು. ಖೋಖೋದಾಗ ಎಂಟು ಮಂದಿ ಚೌಕದಾಗ ಕುಂತಿರ್ತಾರ, ಖೋ ಬಿದ್ದ ಕೂಡ್ಲೆ ಮೊಣಕಾಲಿನ ಜೋರಿನ ಮ್ಯಾಲ ಏಳ್ಬೇಕು, 9 ನಿಮಿಷದ ಒಂದು ಸರದಿಯಾಗ ಎಷ್ಟು ಸಲ ಏಳ್ತಾರ ನೀವ ಎಣಿಸಿ ನೋಡ್ರಿ. ಕಬಡ್ಡಿಯಾಗ 30 ಸೆಕೆಂಡಿನ ರೇಡ್, ಬಗ್ಗಿದ ಮೊಣಕಾಲು, ಗಕ್ಕನ ತಿರುಗೂದು, ಮ್ಯಾಲ ನಾಕು ಮಂದಿ ಬೀಳೂದು. ಟ್ರಿಪಲ್ ಜಂಪ್‌ನ್ಯಾಗ ಒಂದ ಕಾಲಿನ ಮ್ಯಾಲ ಮೈಭಾರದ ಹಲವು ಪಟ್ಟು ಭಾರ ಬೀಳ್ತೈತಿ, ಅದೂ ನಮ್ಮ ಗಟ್ಟಿ ನೆಲದ ರನ್‌ವೇ ಮ್ಯಾಲ. 800 ಮೀಟರ್ ಒಂದ ಅಷ್ಟು ಜಗ್ಗೂದಿಲ್ಲ. ಅಂದ್ರ ಹೊರಗಿನವರಿಗೆ ಈ ಹುಡುಗಿ ನಾಕು ಆಟ ಆಡ್ತಾಳ, ಬಹುಮುಖ ಪ್ರತಿಭೆ, ಆದ್ರ ಅಕಿ ಮೊಣಕಾಲಿಗೆ ಅದರಾಗ ಮೂರು ಆಟ ಒಂದ ಆಟ. ಬ್ಯಾರೆ ಬ್ಯಾರೆ ಆಟ ಆಡಿಸಿದ್ರ ಮೈಗೆ ಚಲೋ ಅಂತ ನಾವೆಲ್ಲಾ ಓದೀವಿ, ಆದ್ರ ಆ ಆಟಗಳು ಮೈಯ ಬ್ಯಾರೆ ಬ್ಯಾರೆ ಭಾಗಕ್ಕ ಕೆಲಸ ಕೊಟ್ರ ಮಾತ್ರ ಆ ಮಾತು ಖರೆ.

ಎರಡನೇದು, ಭಾರದ ಲೆಕ್ಕ. ಅಮೆರಿಕಾದ ವ್ಯಾಯಾಮ ವಿಜ್ಞಾನಿ ಕಾರ್ಲ್ ಫಾಸ್ಟರ್ ಅವರದು ಒಂದು ಸರಳ ಪದ್ಧತಿ ಐತಿ, ಅದಕ್ಕ ಯಂತ್ರ ಬ್ಯಾಡ, ರೊಕ್ಕ ಬ್ಯಾಡ. ಪ್ರಾಕ್ಟೀಸ್ ಮುಗಿದ ಮ್ಯಾಲ ಮಗುವಿಗೆ "ಇವತ್ತು ಎಷ್ಟು ಕಷ್ಟ ಆತು, ಹತ್ತಕ್ಕ ಎಷ್ಟು?" ಅಂತ ಕೇಳೂದು, ಅಕಿ ಹೇಳಿದ ಅಂಕಿಯನ್ನ ಆಡಿದ ನಿಮಿಷಕ್ಕ ಗುಣಿಸೂದು. ಸಾದಾ ವಾರ ಅಂದ್ರ ದಿನಕ್ಕ 60 ನಿಮಿಷ, ಕಷ್ಟ 5, ಅಂದ್ರ 300, ಐದು ದಿನಕ್ಕ 1500. ಕೂಟದ ವಾರ ನೋಡ್ರಿ: ಮೂರು ದಿನ 90 ನಿಮಿಷ, ಕಷ್ಟ 7, ಅಂದ್ರ 630ರಂತೆ 1890, ನಾಕನೇ ದಿನ ಕೂಟದಾಗ ಕಮ್ಮಿ ಅಂದ್ರೂ 150 ನಿಮಿಷ, ಕಷ್ಟ 9, ಅದು 1350, ಒಟ್ಟು 3240. ಹಿಂದಿನ ವಾರದ ಎರಡು ಪಟ್ಟಿಗಿಂತ ಜಾಸ್ತಿ, ಅದೂ ನಾಕ ದಿನದಾಗ. ಹುಡುಗಿದು ಹಂಗ ಜಿಗಿದಿತ್ತು. ನೋವು ಶುರುವಾಗಿದ್ದೂ ವಲಯ ಮಟ್ಟದ ಕೂಟದ ವಾರದಾಗ.

ಮೂರನೇದು ನೋಟ್‌ಬುಕ್‌ನ್ಯಾಗ ಇರ್ಲಿಲ್ಲ, ಮನಿಗೆ ಹೋಗಿ ನೋಡಿದ್ದಕ್ಕ ಗೊತ್ತಾತು. ಎರಡು ಎಕರೆ ಕಬ್ಬು, ಎರಡು ಎಮ್ಮಿ. ಹುಡುಗಿ ಮುಂಜಾನೆ ಸಗಣಿ ಬಳಿಯೂದು, ಕುಕ್ಕರಗಾಲಲ್ಲಿ ಕುಂತು ಹಿಂಡೂದು, ರವಿವಾರ ಹೊಲದಾಗ ಕಸಾ ತಗಿಯೂದು, ಅದೂ ಮೊಣಕಾಲು ಮಡಚೇ. ನಾವು ಕೋಚ್‌ಗಳು ಗ್ರೌಂಡಿನ ಎರಡು ತಾಸು ಅಷ್ಟ ಲೆಕ್ಕ ಹಿಡಿತೀವಿ, ಹಳ್ಳಿ ಹುಡುಗಿ ಮೈ ಮುಂಜಾನೆ ಐದಕ್ಕ ಕೆಲಸ ಶುರು ಮಾಡಿರ್ತೈತಿ. ಊಟನೂ ಹಂಗ, ಮುಂಜಾನೆ ಚಾ ಕುಡದು ಬರೂದು, ಮಧ್ಯಾಹ್ನ ಬಿಸಿಯೂಟ. ರಕ್ತ ತಪಾಸಣಿ ಮಾಡಿಸಿದ್ರ ಹಿಮೋಗ್ಲೋಬಿನ್ 12ಕ್ಕಿಂತ ಕೆಳಗ. ವಾರಕ್ಕೊಮ್ಮೆ ಸಾಲ್ಯಾಗ ಕೊಡೂ ನೀಲಿ ಕಬ್ಬಿಣದ ಗುಳಿಗಿ ಅಕಿ ನುಂಗ್ತಿದ್ದಿಲ್ಲ, ಖಾಲಿ ಹೊಟ್ಟಿಗೆ ತಗೊಂಡು ಒಮ್ಮೆ ವಾಂತಿ ಆಗಿತ್ತಂತ. ಊಟ ಆದ ಮ್ಯಾಲ ತಗೊ, ಕೂಡ್ಲೆ ಚಾ ಕುಡೀಬ್ಯಾಡ ಅಂತ ಹೇಳಿ, ಟೀಚರ್ ತಮ್ಮ ಮುಂದ ನುಂಗಿಸಾಕ ಹತ್ತಿದ್ರು. ಮುಟ್ಟಿನ ದಿನದ ತ್ರಾಸು ಸುದ್ದಾ ಹುಡುಗಿ ಇವರ ಮುಂದ ಹೇಳಿದ್ಲು, ನನ್ನಂಥ ಗಂಡು ಶಿಕ್ಷಕನ ಮುಂದ ಹೇಳ್ತಿದ್ದಿಲ್ಲ. ಹೆಣ್ಣುಮಕ್ಕಳು ಇರೂ ಸಾಲಿಗಳಿಗೆಲ್ಲಾ ಒಬ್ಬ ಹೆಣ್ಣು ಪಿಟಿ ಶಿಕ್ಷಕಿ ಬೇಕು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ.

ತೀರ್ಮಾನ ಹಿಂಗಿತ್ತು: ಆ ವರ್ಷ ಖೋಖೋ ಮತ್ತ 800 ಇರಲಿ, ಕಬಡ್ಡಿ ಮತ್ತ ಟ್ರಿಪಲ್ ಜಂಪ್ ಬ್ಯಾಡ. ಖೋಖೋದಾಗೂ ಅಕಿ ಕೂಡೂದು ಕಮ್ಮಿ, ಓಡೂ ಸರದಿಯಾಗ ಪೂರಾ ಆಡೂದು, ಬೆನ್ನಟ್ಟೂ ಸರದಿಯಾಗ ಆದಷ್ಟು ಬದಲಿ ಆಟಗಾರ್ತಿಯನ್ನ ಇಳಿಸೂದು. ವಾರಕ್ಕ ಎರಡು ದಿನ ಜಿಗಿಯೂದು ಕುಂದ್ರೂದು ಏನೂ ಇಲ್ಲ, ಅವತ್ತು ಗುಂಡು ಎಸೆತ, ಹೊಟ್ಟಿ-ಬೆನ್ನಿನ ವ್ಯಾಯಾಮ.

ಹೆಡ್ ಮಾಸ್ತರು ಒಪ್ಪಲಿಲ್ಲ. ಹಿಂದಿನ ವರ್ಷ ಕಬಡ್ಡಿ ತಾಲೂಕು ಫೈನಲ್‌ಗೆ ಹೋಗಿತ್ತು, ಊರವರು ಟೀ ಶರ್ಟ್ ಹೊಲಿಸಿ ಕೊಟ್ಟಿದ್ರು. "ಮೇಡಂ, ಅಕಿ ಇಲ್ಲಂದ್ರ ಏಳು ಮಂದಿ ಎಲ್ಲಿಂದ ತರೂದು?" ಅಂದ್ರು. "ಸರ್, ಏಳು ಮಂದಿ ಹುಡುಕೂದು ನನ್ನ ಜವಾಬ್ದಾರಿ, ಆದ್ರ ಅಕಿಗೆ ಇನ್ನೊಂದು ಕಾಲು ನಾ ಹುಡುಕಾಕ ಆಗೂದಿಲ್ಲ" ಅಂತ ಇವರು. ಎಸ್‌ಡಿಎಂಸಿ (ಸಾಲಿ ಅಭಿವೃದ್ಧಿ ಸಮಿತಿ) ಸದಸ್ಯರೊಬ್ಬರು ಬಂದು ಜೋರು ಮಾಡಿದ್ರು. ನನಗ ಅಚ್ಚರಿ ಆಗಿದ್ದು ಹುಡುಗಿ ಅಪ್ಪನ ಮಾತು ಕೇಳಿ. "ಟೀಚರ್ರ, ಆಟ ಪೂರಾ ಬಿಡಸ್ಬ್ಯಾಡ್ರಿ. ಅಕಿ ಆಟ ಆಡ್ತಾಳಂತ ಮನ್ಯಾಗ ಸುಮ್ಮನದಾರ, ಬಿಟ್ಲಂದ್ರ ನಮ್ಮವ್ವ ನಾಳಿಂದ ಲಗ್ನದ ಮಾತು ತಗೀತಾಳ." ನಮ್ಮ ಜಿಲ್ಲಾದಾಗ ಇದು ದೊಡ್ಡ ಮಾತು. ಆರು ವಾರ ವಿಶ್ರಾಂತಿ ಅಂತ ಚೀಟಿ ಬರ್ದು ಕುಂದ್ರಿಸೂದು ಸರಳ, ಆದ್ರ ಕುಂತ ಹುಡುಗಿ ಮತ್ತ ಗ್ರೌಂಡಿಗೆ ಬರ್ತಾಳ ಅನ್ನೂ ಗ್ಯಾರಂಟಿ ಇಲ್ಲ. ಟೀಚರ್ ಪೂರಾ ನಿಲ್ಲಸದ ಭಾರ ಇಳಿಸಿದ್ದಕ್ಕ ಇದೂ ಒಂದು ಕಾರಣ, ಮತ್ತ ಮುಂಜಾನೆ ಎಮ್ಮಿ ಹಿಂಡೂದು ಸ್ವಲ್ಪ ದಿನ ಅಣ್ಣ ಮಾಡಲಿ ಅಂತ ಕೇಳಿದ್ರು, ಅಪ್ಪ ಹೂಂ ಅಂದ್ರು, ಅಣ್ಣ ಕೆಲವು ದಿನ ಮಾಡಿದ.

ಏನಾತು ಅಂದ್ರ, ಕಬಡ್ಡಿ ಮೊದಲನೇ ಮ್ಯಾಚಿಗೇ ಸೋತು ಬಂತು. ಟೀಮಿನ ಇಬ್ಬರು ಹುಡುಗ್ಯಾರು ಸಿಟ್ಟಾಗಿ ಗ್ರೌಂಡಿಗೆ ಬರೂದು ಬಿಟ್ರು, ಒಬ್ಬಾಕಿ ತಿರುಗಿ ಬಂದ್ಲು, ಇನ್ನೊಬ್ಬಾಕಿ ಬರ್ಲೇ ಇಲ್ಲ, ಟೀಚರ್‌ಗೆ ಅದು ಇನ್ನೂ ಮನಸ್ಸಿನ್ಯಾಗ ಐತಿ. ಖೋಖೋ ತಾಲೂಕು ಗೆದ್ದು, ಜಿಲ್ಲೆ ಗೆದ್ದು, ವಿಭಾಗದಾಗ ಸೋತ್ರು. ಹುಡುಗಿ ವಿಭಾಗಕ್ಕ ಹೋಗಿದ್ಲು, ಆಡಿದ್ಲು, ತನ್ನ ಕಾಲ ಮ್ಯಾಲ ನಡಕೊಂಡು ಬಸ್ ಹತ್ತಿದ್ಲು. ನೋವು ಅಕ್ಟೋಬರ್ ಹೊತ್ತಿಗೆ ಬಾಳ ಕಮ್ಮಿ ಆಗಿತ್ತು, ಜನವರಿಯಾಗ ಕಬ್ಬು ಕಡಿಯೂ ಹೊತ್ತಿನ್ಯಾಗ ಹೊಲದ ಕೆಲಸ ಹೆಚ್ಚಾಗಿ ಮತ್ತ ಬಂತು, ಮತ್ತ ಭಾರ ಇಳಿಸಿದ್ರು. 9ನೇ ಕ್ಲಾಸಿನ್ಯಾಗ ಕಬಡ್ಡಿ ವಾಪಸ್ ಬಂತು. ಟ್ರಿಪಲ್ ಜಂಪ್ 10ರಾಗ, ಬೆಳವಣಿಗಿ ನಿಧಾನ ಆದ ಮ್ಯಾಲ.

ಇಲ್ಲಿ ಓದಿನ ಮಾತು ಒಂದು ಹೇಳ್ಬೇಕು. ಅಮೆರಿಕಾದ ಮಕ್ಕಳ ವೈದ್ಯರ ಅಕಾಡೆಮಿ 2016ರಾಗ ಸಲಹೆ ಕೊಟ್ಟೈತಿ, 15-16 ವರ್ಷದ ತನಕಾ ಒಂದ ಆಟಕ್ಕ ಅಂಟಿಸಬ್ಯಾಡ್ರಿ, ವಾರಕ್ಕ ಒಂದೆರಡು ದಿನ ಪೂರಾ ಬಿಡುವು ಕೊಡ್ರಿ, ವರ್ಷದಾಗ ಒಟ್ಟು ಮೂರು ತಿಂಗಳರ ಆ ಆಟದಿಂದ ದೂರ ಇಡ್ರಿ ಅಂತ. ಜಗತ್ತಿನ ಮಟ್ಟಕ್ಕ ಹೋದವರು ಸಣ್ಣವರಿದ್ದಾಗ ಬ್ಯಾರೆ ಆಟಾನೂ ಜಾಸ್ತಿ ಆಡಿದ್ರು ಅಂತ ಜರ್ಮನಿಯ ಕ್ರೀಡಾ ವಿಜ್ಞಾನಿ ಆರ್ನೆ ಗ್ಯುಲಿಷ್ ಮತ್ತ ಜೊತಿಗಾರರ ಅಧ್ಯಯನನೂ ಹೇಳ್ತೈತಿ. ನಮ್ಮ ಕಡೆನೂ ಉದಾಹರಣಿ ಐತಿ, ಬೆಳಗಾವಿ ಹತ್ತಿರದ ತುರಮುರಿಯ ಮಲಪ್ರಭಾ ಜಾಧವ್ ಜೂಡೋ ಕಲ್ತವರು, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ್ಯಾಗ ಕುರಾಶ್ ಅನ್ನೂ ಅದರ ಹತ್ತಿರದ ಆಟದಾಗ ಕಂಚು ತಂದ್ರು. ಒಂದರ ಕಲಿಕಿ ಇನ್ನೊಂದಕ್ಕ ಉಪಯೋಗ ಆಗ್ತೈತಿ, ಖರೆ. ಆದ್ರ ಆ ವೈದ್ಯರ ಸಲಹೆ ಇರೂದು ವರ್ಷಪೂರ್ತಿ ಒಂದ ಆಟ ಆಡ್ಸೂ ತಂದಿ-ತಾಯಿಗೆ. ನಮ್ಮ ಮಕ್ಕಳ ತ್ರಾಸು ಉಲ್ಟಾ, ಎಂಟು ತಿಂಗಳು ಏನೂ ಇಲ್ಲ, ನಾಕು ತಿಂಗಳದಾಗ ನಾಕು ಆಟ. ಆಟ ಎಷ್ಟು ಅನ್ನೂದಕ್ಕಿಂತ ಕ್ಯಾಲೆಂಡರ್ ಹೆಂಗೈತಿ ಅನ್ನೂದನ್ನ ನಾವು ನೋಡ್ಬೇಕು. ಅದಕ್ಕ ಇವರು ಡಿಸೆಂಬರ್‌ದಿಂದ ಮಾರ್ಚ್ ತನಕಾ, ಕೂಟ ಇಲ್ಲದಾಗ, ವಾರಕ್ಕ ಮೂರು ದಿನ ಹಗೂರಕ ಆಡಿಸ್ತಾರ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾತ್ರ ಒಂದ ದಿನ, ಅದನ್ನೂ ಗಣಿತದ ಸರ್ ಕೂಡ ಮಾತಾಡಿ ಬಿಡಿಸಿಕೊಂಡಿದ್ದು.

ಒಂದು ವಿಷಯದಾಗ ನನಗೂ ಅವರಿಗೂ ಹೊಂದಿಕಿ ಆಗಿಲ್ಲ. 8ನೇ ಕ್ಲಾಸಿನ ಕೊನಿಗೆ ಹುಡುಗಿಗೆ ಕ್ರೀಡಾ ವಸತಿ ನಿಲಯದ ಆಯ್ಕಿಗೆ ಹೋಗೂ ಅವಕಾಶ ಬಂತು. ವಿಜಯಪುರದಾಗ ಸೈಕ್ಲಿಂಗ್ ಐತಿ, ಬೆಳಗಾವಿಯಾಗ ಜೂಡೋ ಐತಿ, ಉದ್ದನ ಕಾಲು, ಚಲೋ ಉಸಿರು ಇರೂ ಹುಡುಗಿ ಸೈಕ್ಲಿಂಗ್‌ಗೆ ಹೋಗಿದ್ರ ಮೊಣಕಾಲಿಗೂ ಜಿಗಿತದ ಪೆಟ್ಟು ತಪ್ತಿತ್ತು, ಹಾಲು-ತತ್ತಿ ದಿನಾ ಸಿಗ್ತಿತ್ತು, ಎಮ್ಮಿ-ಹೊಲ ಇರ್ತಿದ್ದಿಲ್ಲ. ನಾನು ಕಳಸ್ರಿ ಅಂದೆ. ಅವರು ಬ್ಯಾಡಂದ್ರು, 13ಕ್ಕ ಒಂದ ಆಟಕ್ಕ ಕಟ್ಟಬಾರದು, ಅಲ್ಲಿ ಕಾಲು ಕೈಕೊಟ್ರ ಮನಿಗೆ ಕಳಸ್ತಾರ, ಆಗ ಆಟನೂ ಇಲ್ಲ ಹಾಸ್ಟೆಲೂ ಇಲ್ಲ ಅಂತ. ಅವರ ಹೆದರಿಕಿ ಎಲ್ಲಿಂದ ಬಂದೈತಿ ನನಗ ಗೊತ್ತೈತಿ. ಆದ್ರೂ ಹೊಟ್ಟಿ ತುಂಬ ಊಟ, ಸರಿಯಾದ ನಿದ್ದಿ ಇವೆರಡೂ ತರಬೇತಿಯ ಭಾಗ ಅಂತ ತಿಳದವನು ನಾನು, ಇವತ್ತಿಗೂ ಕಳಿಸ್ಬೇಕಿತ್ತು ಅಂತನ ನನ್ನ ಅಭಿಪ್ರಾಯ. ಹುಡುಗಿನ್ನ ಕೇಳಿದ್ರ "ನನಗ ಖೋಖೋನ ಬೇಕ್ರಿ ಸರ್" ಅಂದ್ಲು, ಹೋಗ್ಲಿಲ್ಲ.

ಈಗ ಅಕಿ ಜಮಖಂಡಿಯಾಗ ಪಿಯುಸಿ ಓದಾಕತ್ಯಾಳ, ಖೋಖೋ ಆಡ್ತಾಳ, 400 ಹರ್ಡಲ್ಸ್ ಹೊಸದಾಗಿ ಶುರು ಮಾಡ್ಯಾಳ. ರಜಾದಾಗ ಹಳೇ ಸಾಲಿಗೆ ಬಂದು ಸಣ್ಣ ಹುಡುಗ್ಯಾರ ನಿಮಿಷ-ಕಷ್ಟದ ಲೆಕ್ಕ ಬರ್ದು ಕೊಡ್ತಾಳ.

ಟೀಚರ್ ಹಚ್ಚಿಕೊಂಡ ಇನ್ನೊಂದು ಕೆಲಸ ಮುಗಿದಿಲ್ಲ. ಕೂಟಕ್ಕ ಮೊದ್ಲ ತಾಲೂಕಿನ ಪಿಟಿ ಶಿಕ್ಷಕರ ಸಭಾ ನಡೀತೈತಲ್ಲ, ಅಲ್ಲಿ ಅವರು ಎರಡು ಮಾತು ಇಟ್ರು. ಹುಡುಗ್ಯಾರ ಖೋಖೋ ಮತ್ತ ಕಬಡ್ಡಿ ಒಂದ ದಿನ ಇಡಬಾರದು, ಮತ್ತ ಒಂದ ಮಗು ಗುಂಪು ಆಟ, ಅಥ್ಲೆಟಿಕ್ಸ್ ಎಲ್ಲಾ ಸೇರಿ ದಿನಕ್ಕ ಎಷ್ಟು ಆಡ್ಬಹುದು ಅನ್ನೂದಕ್ಕ ತಾಲೂಕು ಮಟ್ಟದಾಗ ನಮ್ಮದ ಒಂದು ಮಿತಿ ಹಾಕ್ಕೊಳ್ಳೂಣು. ಮೊದಲನೇದು ಒಪ್ಪಿದ್ರು, ಮಳಿ ಬಂದ್ರ ಮಾತ್ರ ನೋಡೂಣು ಅಂತ ಒಂದು ಕೊಕ್ಕಿ ಇಟ್ಟು. ಎರಡನೇದು ಬಿತ್ತು, ಸಣ್ಣ ಸಾಲಿಯವರ ವಿರೋಧ ಮಾಡಿದ್ರು, ನಮ್ಮ ಹತ್ರ ಇರೂದ ಹತ್ತು ಮಕ್ಕಳು, ಮಿತಿ ಹಾಕಿದ್ರ ಟೀಮ್ ಕಟ್ಟೂದು ಹೆಂಗ ಅಂತ, ಅವರ ಮಾತೂ ಸುಳ್ಳಲ್ಲ. ಈ ಸಲ ನಾವಿಬ್ಬರೂ ಕೂಡಿ ಬ್ಯಾರೆ ರೀತಿ ಕೇಳಾಕ ಹೊಂಟೀವಿ: ಮಿತಿ ಬ್ಯಾಡ, ಎರಡು ದಿನದ ಕೂಟ ಮೂರು ದಿನ ಮಾಡ್ರಿ, ಒಂದು ದಿನದ ಊಟ-ಪೆಂಡಾಲ್ ಖರ್ಚು ಸಾಲಿ ಸಾಲಿಗೆ ಹಂಚಿಕೊಳ್ಳೂಣು. ಲೆಕ್ಕದ ಹಾಳಿ ತಯಾರೈತಿ, ಸಭಾ ಜೂನ್ ಕೊನಿ ವಾರ.